ಏರುವ ನೆಲ, ಇಳಿಯುವ ನೆಲ: ಭೂಕಂಪ ಮತ್ತು ಜ್ವಾಲಾಮುಖಿಗಳಿಂದಾಗುವ ಭೂವಿರೂಪ

1819ರ ಜೂನ್ 16ರ ಸಂಜೆ ಕಚ್ಛ್ ಪ್ರಾಂತದಲ್ಲಿ ಭಾರಿ ಭೂಕಂಪ ಸಂಭವಿಸಿತು. ಭುಜ್ ನಗರದ ಮನೆಗಳು ಉರುಳಿದವು. ಸಾವಿರಕ್ಕೂ ಮಿಕ್ಕಿದ ಜನ ಪ್ರಾಣ ತೆತ್ತರು. ಅದೇ ಹೊತ್ತಿಗೆ ರಣ್ ಬಯಲಿನಲ್ಲಿ, ಸಿಂಧೂ ನದಿಯ ಪೂರ್ವದ ಕವಲಿನ ದಂಡೆಯಲ್ಲಿದ್ದ ಸಿಂದ್ರಿ ಎಂಬ ಸುಂಕದ ಕೋಟೆಯೊಳಗೆ ನೀರು ನುಗ್ಗಿತು. ಕೋಟೆಯಲ್ಲಿದ್ದವರು ಗೋಪುರವನ್ನೇರಿ ಜೀವ ಉಳಿಸಿಕೊಂಡು ಮರುದಿನ ದೋಣಿಗಳಲ್ಲಿ ಪಾರಾದರು. ಸುತ್ತಲಿನ ನೆಲ ತಗ್ಗಿ ವಿಶಾಲವಾದ ಸರೋವರವಾಗಿತ್ತು. ಅದರಾಚೆ ಉತ್ತರ ದಿಕ್ಕಿನಲ್ಲಿ, ಹಿಂದಿನ ದಿನದವರೆಗೆ ಬರಿಯ ಬಯಲಾಗಿದ್ದೆಡೆ, ಉದ್ದನೆಯ ದಿಬ್ಬವೊಂದು ಎದ್ದು ನಿಂತಿತ್ತು.

ಸುಮಾರು 80 ಕಿ.ಮೀ. ಉದ್ದ, ಕೆಲವೆಡೆ 6 ಮೀಟರ್‌ವರೆಗೆ ಎತ್ತರವಿದ್ದ ಈ ದಿಬ್ಬಕ್ಕೆ ಸ್ಥಳೀಯರು 'ಅಲ್ಲಾ ಬಂಡ್', ಎಂದರೆ ದೇವರು ಕಟ್ಟಿದ ಒಡ್ಡು, ಎಂದು ಹೆಸರಿಟ್ಟರು. ಮನುಷ್ಯರು ಕಟ್ಟಿದ ಒಡ್ಡುಗಳಿಂದ ಅದನ್ನು ಬೇರ್ಪಡಿಸಿ ಹೇಳಲು ಆ ಹೆಸರು ಬೇಕಾಯಿತು. ನದಿಯ ಕವಲಿಗೆ ಅಡ್ಡಲಾಗಿ ಎದ್ದ ಈ ಒಡ್ಡನ್ನು 1826ರಲ್ಲಿ ಸಿಂಧೂ ನದಿಯ ಪ್ರವಾಹ ಒಂದೆಡೆ ಕೊರೆದು ದಾಟಿತು. ಬಳಿಕ ಅಲ್ಲಿಗೆ ಭೇಟಿ ನೀಡಿದ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ನೀಡಿದ ವರದಿಯನ್ನು ಆಧುನಿಕ ಭೂವಿಜ್ಞಾನದ ಪ್ರವರ್ತಕರಲ್ಲೊಬ್ಬರಾದ ಚಾರ್ಲ್ಸ್ ಲಯಲ್ ತಮ್ಮ ಗ್ರಂಥದಲ್ಲಿ ಬಳಸಿಕೊಂಡರು. ಹೀಗೆ ಕಚ್ಛ್‌ನ ಆ ದಿಬ್ಬವು ವಿಜ್ಞಾನದ ಇತಿಹಾಸದಲ್ಲಿ ಸ್ಥಾನ ಪಡೆಯಿತು.

ಭೂಕಂಪ ಅಥವಾ ಜ್ವಾಲಾಮುಖಿಯ ಚಟುವಟಿಕೆಯಿಂದ ನೆಲ ಮೇಲೇರುವುದು, ಕುಸಿಯುವುದು, ಪಕ್ಕಕ್ಕೆ ಸರಿಯುವುದು, ಓಲುವುದು ಅಥವಾ ಬಿರಿಯುವುದನ್ನು ಒಟ್ಟಾಗಿ ಭೂವಿರೂಪ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬಹುದು. ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳಷ್ಟು ಸೂಕ್ಷ್ಮವಾಗಿಯೂ ಇರಬಹುದು. ನೆಲದಾಳದಲ್ಲಿ ನಡೆಯುವುದನ್ನು ಯಾರೂ ನೇರವಾಗಿ ನೋಡಲಾರರು. ಆದರೆ ಅದರ ಲೆಕ್ಕ ಮೇಲ್ಮೈಯ ಏರಿಳಿತಗಳಲ್ಲಿ ದಾಖಲಾಗುತ್ತದೆ. ಆ ಲೆಕ್ಕವನ್ನು ಓದುವ ವಿದ್ಯೆ ಕಳೆದ ನೂರು ವರ್ಷಗಳಲ್ಲಿ ಬಹಳ ಮುಂದುವರಿದಿದೆ. ಅಪಾಯ ಎಲ್ಲಿದೆ, ಎಷ್ಟಿದೆ ಎಂಬುದನ್ನು ಅದು ಬಹುಮಟ್ಟಿಗೆ ತಿಳಿಸಬಲ್ಲದು. ಯಾವಾಗ ಎಂಬ ಪ್ರಶ್ನೆಗೆ ಮಾತ್ರ ಅದರ ಉತ್ತರ ಈಗಲೂ ಅಪೂರ್ಣ.

ನೆಲ ಬಾಗುವುದೇಕೆ?

ಭೂಮಿಯ ಹೊರಪದರವು ಹಲವು ಭೂಫಲಕಗಳಾಗಿ ಒಡೆದಿದೆ. ಈ ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ವೇಗದಲ್ಲಿ ಚಲಿಸುತ್ತಿರುತ್ತವೆ. ಆದರೆ ಎರಡು ಶಿಲಾಸ್ತೋಮಗಳು ಪರಸ್ಪರ ಉಜ್ಜುವ ಸ್ತರಭಂಗಗಳಲ್ಲಿ ಘರ್ಷಣೆಯಿಂದಾಗಿ ಅಂಚುಗಳು ಕಚ್ಚಿಕೊಂಡಿರುತ್ತವೆ. ದೂರದ ಭಾಗ ಸರಿಯುತ್ತಲೇ ಇರುತ್ತದೆ, ಅಂಚು ಮಾತ್ರ ಕದಲುವುದಿಲ್ಲ. ಇದರಿಂದ ನಡುವಿನ ಬಂಡೆ ಬಿದಿರಿನ ಗಳದಂತೆ ಬಾಗುತ್ತದೆ. ಘರ್ಷಣೆ ತಡೆಯಲಾರದಷ್ಟು ಒತ್ತಡ ಕೂಡಿದಾಗ ಹಿಡಿತ ತಪ್ಪಿ, ಬಾಗಿದ ಬಂಡೆ ಒಮ್ಮೆಲೇ ಪುಟಿದು ನೆಟ್ಟಗಾಗುತ್ತದೆ. ಆ ಪುಟಿತವೇ ಭೂಕಂಪ.

ಈ ವಿವರಣೆಯನ್ನು ಮುಂದಿಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾರಿ ಫೀಲ್ಡಿಂಗ್ ರೀಡ್. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಧ್ವಂಸಗೊಳಿಸಿದ ಭೂಕಂಪದಲ್ಲಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವು ಸುಮಾರು 470 ಕಿ.ಮೀ. ಉದ್ದಕ್ಕೂ ಸರಿಯಿತು. ಬೇಲಿಗಳು ತುಂಡಾಗಿ ಮೀಟರ್‌ಗಟ್ಟಲೆ ದೂರ ಹೋದವು. ಒಂದೆಡೆ ರಸ್ತೆಯೇ ಸುಮಾರು 6 ಮೀಟರ್ ಪಕ್ಕಕ್ಕೆ ಸರಿಯಿತು. ರೀಡ್ ಅವರು 19ನೇ ಶತಮಾನದ ಮಧ್ಯಭಾಗದಿಂದ ನಡೆದಿದ್ದ ಸರ್ವೇಕ್ಷಣೆಗಳನ್ನು ಭೂಕಂಪದ ನಂತರದ ಅಳತೆಗಳೊಂದಿಗೆ ಹೋಲಿಸಿದರು. ಭೂಕಂಪಕ್ಕೆ ಮುನ್ನ ದಶಕಗಳ ಕಾಲ ನೆಲ ಸದ್ದಿಲ್ಲದೆ ಬಾಗುತ್ತಿದ್ದುದು ಅದರಿಂದ ತಿಳಿದುಬಂತು. 1910ರಲ್ಲಿ ಅವರು ಪ್ರಕಟಿಸಿದ ಈ ವಿವರಣೆಯು ಸ್ಥಿತಿಸ್ಥಾಪಕ ಪುಟಿತದ ಸಿದ್ಧಾಂತವೆಂದು ಹೆಸರಾಯಿತು.

ಎಲ್ಲ ಭೂಕಂಪಗಳೂ ನೆಲದ ಮೇಲೆ ಸ್ಪಷ್ಟ ಗುರುತು ಬಿಡುವುದಿಲ್ಲ. 2001ರ ಜನವರಿ 26ರಂದು ಅದೇ ಕಚ್ಛ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಅದಕ್ಕೆ ಕಾರಣವಾದ ಸ್ತರಭಂಗ ಮೇಲ್ಮೈಯವರೆಗೆ ಸೀಳಿ ಬರಲಿಲ್ಲ. ಎರಡನೆಯ ಅಲ್ಲಾ ಬಂಡ್ ಅಲ್ಲಿ ಹುಟ್ಟಲಿಲ್ಲ. ಗುರುತಿಲ್ಲವೆಂದ ಮಾತ್ರಕ್ಕೆ ಅಪಾಯ ಕಡಿಮೆಯೆಂದು ತಿಳಿಯುವಂತಿಲ್ಲ.

ಕಡಲಂಚಿನ ತಕ್ಕಡಿ

ಒಂದು ಭೂಫಲಕವು ಇನ್ನೊಂದರ ಅಡಿಗೆ ಜಾರುವ ಸಾಗರದಂಚಿನಲ್ಲಿ ಭೂವಿರೂಪ ಅತಿ ದೊಡ್ಡ ಪ್ರಮಾಣದಲ್ಲಿ ಕಂಡುಬರುತ್ತದೆ. ಅಡಿಗೆ ಜಾರುವ ಫಲಕವು ಮೇಲಿನ ಫಲಕದ ತುದಿಯನ್ನು ತನ್ನೊಡನೆ ಕೆಳಕ್ಕೆಳೆಯುತ್ತದೆ. ತುದಿ ಕೆಳಗಿಳಿದಂತೆ ಅದರ ಹಿಂಭಾಗ ಮೆಲ್ಲನೆ ಉಬ್ಬುತ್ತದೆ. ಭೂಕಂಪವಾದಾಗ ಇದೆಲ್ಲ ತಿರುಗುಮುರುಗಾಗುತ್ತದೆ: ಕೆಳಗೆಳೆಯಲ್ಪಟ್ಟಿದ್ದ ತುದಿ ಚಿಮ್ಮಿ ಮೇಲೇಳುತ್ತದೆ, ಉಬ್ಬಿದ್ದ ಹಿಂಭಾಗ ಕುಸಿಯುತ್ತದೆ. ಸಮುದ್ರದಡಿಯ ತುದಿ ಚಿಮ್ಮಿದಾಗ ಮೇಲಿನ ನೀರೂ ಎತ್ತಲ್ಪಟ್ಟು ಸುನಾಮಿಯಾಗುತ್ತದೆ.

2004ರ ಡಿಸೆಂಬರ್ 26ರ ಸುಮಾತ್ರಾ-ಅಂಡಮಾನ್ ಭೂಕಂಪದಲ್ಲಿ ಸುಮಾರು 1,300 ಕಿ.ಮೀ. ಉದ್ದದ ಸ್ತರಭಂಗ ಸರಿದಾಗ ಭಾರತದ ದ್ವೀಪಗಳು ಈ ತಕ್ಕಡಿಯ ಎರಡೂ ತಟ್ಟೆಗಳಲ್ಲಿದ್ದವು. ಪಶ್ಚಿಮದ ಅಂಚಿನಲ್ಲಿರುವ ಉತ್ತರ ಸೆಂಟಿನೆಲ್ ಮತ್ತು ಇಂಟರ್‌ವ್ಯೂ ದ್ವೀಪಗಳು ಮೇಲೆದ್ದು, ಅವುಗಳ ಸುತ್ತಲಿನ ಹವಳದ ದಿಬ್ಬಗಳು ನೀರಿನಿಂದ ಹೊರಬಂದು ಸತ್ತವು. ಪೂರ್ವದ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ಸುಮಾರು ಒಂದು ಮೀಟರ್‌ನಷ್ಟು ತಗ್ಗಿತು. ಸಮೀಪದ ಸಿಪ್ಪಿಘಾಟ್‌ನ ಗದ್ದೆಗಳಿಗೆ ಉಪ್ಪುನೀರು ಬಂದು ನಿಂತಿತು. ದೇಶದ ದಕ್ಷಿಣದ ತುತ್ತತುದಿಯಾದ ಗ್ರೇಟ್ ನಿಕೋಬಾರ್‌ನ ಇಂದಿರಾ ಪಾಯಿಂಟ್ ಸುಮಾರು 4.25 ಮೀಟರ್ ಕುಸಿಯಿತು. ದಡದ ಮೇಲಿದ್ದ ದೀಪಸ್ತಂಭ ಸಮುದ್ರದ ನೀರಿನೊಳಗೆ ನಿಲ್ಲುವಂತಾಯಿತು.

ಸುನಾಮಿಯ ನೀರು ಕೆಲ ಗಂಟೆಗಳಲ್ಲಿ ಹಿಂದೆ ಸರಿಯಿತು. ಆದರೆ ಕುಸಿದ ನೆಲದ ಮೇಲೆ ಬಂದ ನೀರು ಹಾಗೆ ಹಿಂದಿರುಗಲಿಲ್ಲ. ಅಲೆಯಲ್ಲಿ ಬದುಕುಳಿದ ರೈತನ ಹೊಲ ಪ್ರತಿ ಉಬ್ಬರದಲ್ಲೂ ಮುಳುಗಿತು. ಭೂಕಂಪದ ಸುದ್ದಿಗಳಲ್ಲಿ ಅಷ್ಟಾಗಿ ಕಾಣಿಸದ ನಷ್ಟವಿದು: ಕಟ್ಟಡವನ್ನು ಮತ್ತೆ ಕಟ್ಟಬಹುದು, ಇಳಿದ ನೆಲವನ್ನು ಎತ್ತಲಾಗದು.

ಜಪಾನಿನ ಅನುಭವವೂ ಇಂತಹದೇ. 2011ರ ಮಾರ್ಚ್ 11ರ ತೊಹೊಕು ಭೂಕಂಪದಲ್ಲಿ ಓಶಿಕಾ ಪರ್ಯಾಯದ್ವೀಪವು ಪೂರ್ವಕ್ಕೆ ಸುಮಾರು 5.3 ಮೀಟರ್ ಸರಿದು, ಸುಮಾರು 1.2 ಮೀಟರ್ ಕುಸಿಯಿತು. 2024ರ ಜನವರಿ 1ರ ನೊಟೊ ಭೂಕಂಪದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಅಲ್ಲಿ ಉತ್ತರದ ಕರಾವಳಿ ಕೆಲವೆಡೆ ಸುಮಾರು 4 ಮೀಟರ್ ಮೇಲೆದ್ದಿತು. ಕಡಲ ದಂಡೆ 200 ಮೀಟರ್‌ಗೂ ಹೆಚ್ಚು ದೂರ ಹಿಂದೆ ಸರಿದು, ಮೀನುಗಾರಿಕಾ ಬಂದರುಗಳು ಒಣಗಿ ದೋಣಿಗಳು ನೆಲಕ್ಕೆ ಕುಳಿತವು.

ಪರ್ವತ ಪ್ರದೇಶಗಳೂ ಇದಕ್ಕೆ ಹೊರತಲ್ಲ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದಲ್ಲಿ ಕಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದಿತು. ಅದರ ಉತ್ತರದ ಉನ್ನತ ಹಿಮಾಲಯದ ಒಂದು ಭಾಗ ತಗ್ಗಿತು. ಎವರೆಸ್ಟ್ ಶಿಖರದ ಎತ್ತರ ಬದಲಾಯಿತೇ ಎಂಬ ಚರ್ಚೆ ಎದ್ದುದರಿಂದ ಮತ್ತೆ ಅಳತೆ ನಡೆದು, 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ 8,848.86 ಮೀಟರ್ ಎಂದು ಘೋಷಿಸಿದವು.

ಜ್ವಾಲಾಮುಖಿಯ ಉಬ್ಬರ

ಜ್ವಾಲಾಮುಖಿಗಳಲ್ಲಿ ನೆಲವನ್ನು ಬಾಗಿಸುವುದು ಕರಗಿದ ಶಿಲಾರಸ, ಅನಿಲ ಮತ್ತು ಬಿಸಿನೀರಿನ ಒತ್ತಡ. ಆಳದ ಕೋಶಗಳಿಗೆ ಶಿಲಾರಸ ತುಂಬಿದಂತೆ ಮೇಲಿನ ನೆಲ ಉಬ್ಬುತ್ತದೆ. ಅದು ಹೊರಚೆಲ್ಲಿದಾಗ ಅಥವಾ ಬೇರೆಡೆಗೆ ಹರಿದಾಗ ಇಳಿಯುತ್ತದೆ. ಜಪಾನಿನ ಕಿಯೂ ಮೋಗಿ 1958ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ನೆಲ ಎಷ್ಟು ಉಬ್ಬಿದೆ, ಉಬ್ಬು ಎಷ್ಟು ದೂರದವರೆಗೆ ಹಬ್ಬಿದೆ ಎಂಬುದನ್ನು ಅಳೆದರೆ ಒತ್ತಡದ ಮೂಲ ಎಷ್ಟು ಆಳದಲ್ಲಿದೆ ಎಂಬುದನ್ನು ಲೆಕ್ಕ ಹಾಕಬಹುದೆಂದು ಅವರು ತೋರಿಸಿದರು. ಇಂದಿಗೂ ವಿಜ್ಞಾನಿಗಳು ಮೊದಲ ಅಂದಾಜಿಗೆ ಈ ಮಾದರಿಯನ್ನೇ ಬಳಸುತ್ತಾರೆ.

ಶಿಲಾರಸ ಖಾಲಿಯಾದಾಗ ಏನಾಗುತ್ತದೆ ಎಂಬುದಕ್ಕೆ ಹವಾಯಿ ದ್ವೀಪದ ಕಿಲವೇಯ ಉತ್ತಮ ನಿದರ್ಶನ. 2018ರಲ್ಲಿ ಶಿಖರದಡಿಯ ಶಿಲಾರಸವು ನೆಲದೊಳಗಿನ ದಾರಿ ಹಿಡಿದು ಪೂರ್ವದ ಇಳಿಜಾರಿನಲ್ಲಿ ಹೊರಬಂದು 700ಕ್ಕೂ ಹೆಚ್ಚು ಮನೆಗಳನ್ನು ನಾಶಮಾಡಿತು. ಇತ್ತ ಆಧಾರ ಕಳೆದುಕೊಂಡ ಶಿಖರದ ಕುಂಡದ ತಳವು ಹಂತಹಂತವಾಗಿ ಸುಮಾರು 500 ಮೀಟರ್ ಕುಸಿಯಿತು.

ಪೊಝುವೋಲಿಯ ಮೂರು ಕಂಬಗಳು

ಇಟಲಿಯ ನೇಪಲ್ಸ್ ನಗರದ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೇಯ್ ಎಂಬ ವಿಶಾಲವಾದ ಜ್ವಾಲಾಮುಖಿ ತಗ್ಗು ಇದೆ. ಅದರ ಅಪಾಯವಲಯದಲ್ಲಿ ಸುಮಾರು 5 ಲಕ್ಷ ಜನ ವಾಸಿಸುತ್ತಾರೆ. ತಗ್ಗಿನ ನಡುವಿನ ಪೊಝುವೋಲಿ ಪಟ್ಟಣದಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯೊಂದರ ಅವಶೇಷಗಳಿವೆ. 1750ರಲ್ಲಿ ಉತ್ಖನನವಾದಾಗ ದೊರೆತ ಸೆರಾಪಿಸ್ ದೇವತೆಯ ವಿಗ್ರಹದಿಂದಾಗಿ ಅದನ್ನು ದೇವಾಲಯವೆಂದೇ ಭಾವಿಸಲಾಗಿತ್ತು.

ಇಲ್ಲಿ ನಿಂತಿರುವ ಮೂರು ಅಮೃತಶಿಲೆಯ ಕಂಬಗಳ ಮೇಲೆ, ಆಳೆತ್ತರಕ್ಕಿಂತ ಎಷ್ಟೋ ಮೇಲೆ, ಸಣ್ಣ ಸಣ್ಣ ರಂಧ್ರಗಳ ಪಟ್ಟಿಯಿದೆ. ಕಲ್ಲು ಕೊರೆಯುವ ಸಮುದ್ರಜೀವಿಗಳಾದ ಚಿಪ್ಪುಮೀನುಗಳು ಮಾಡಿದ ರಂಧ್ರಗಳವು. ಒಣನೆಲದ ಮೇಲೆ ಕಟ್ಟಿದ ಕಂಬಗಳು ಒಮ್ಮೆ ಸಮುದ್ರದಲ್ಲಿ ಅಷ್ಟು ಆಳಕ್ಕೆ ಮುಳುಗಿ, ಮುರಿಯದೆ ಮತ್ತೆ ಮೇಲೆ ಬಂದಿವೆ ಎಂಬುದಕ್ಕೆ ಇದು ಸಾಕ್ಷಿ. ಲಯಲ್ ಅವರು 1830ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಮೊದಲ ಸಂಪುಟದ ಮುಖಚಿತ್ರಕ್ಕೆ ಈ ಕಂಬಗಳನ್ನೇ ಆರಿಸಿಕೊಂಡರು.

1538ರಲ್ಲಿ ಇಲ್ಲಿ ನೆಲ ಉಬ್ಬಿ, ಕೊನೆಗೆ ಸ್ಫೋಟವಾಗಿ, ಒಂದೇ ವಾರದಲ್ಲಿ ಮೊಂಟೆ ನುವೋವೊ ಎಂಬ ಹೊಸ ಗುಡ್ಡ ಹುಟ್ಟಿತು. 1970ರಲ್ಲಿ ನೆಲ ಮತ್ತೆ ವೇಗವಾಗಿ ಏರತೊಡಗಿದಾಗ ಹಳೆಯ ಪಟ್ಟಣವಾದ ರಿಯೋನೆ ತೆರ್ರಾವನ್ನು ಖಾಲಿ ಮಾಡಿಸಲಾಯಿತು. 1982ರಿಂದ 1984ರವರೆಗೆ ನೆಲ ಇನ್ನೂ 1.8 ಮೀಟರ್‌ನಷ್ಟು ಏರಿತು. ಸಾವಿರಾರು ಸಣ್ಣ ಕಂಪನಗಳಾದವು. ಸುಮಾರು 40,000 ಜನ ಮನೆ ತೊರೆಯಬೇಕಾಯಿತು. ಸ್ಫೋಟ ಮಾತ್ರ ಆಗಲಿಲ್ಲ. ನೆಲ ಮೆಲ್ಲನೆ ಇಳಿಯತೊಡಗಿತು.

2005ರಿಂದ ಪೊಝುವೋಲಿ ಮತ್ತೆ ಏರುತ್ತಿದೆ. ಬಂದರಿನ ತಳವೇ ಮೇಲೆದ್ದು ಸಣ್ಣ ದೋಣಿಗಳ ಕಟ್ಟೆ ಉಪಯೋಗಕ್ಕೆ ಬಾರದಾಗಿದೆ. 2024ರ ಮೇ 20ರಂದು 4.4 ತೀವ್ರತೆಯ ಕಂಪನವಾದಾಗ ಕಟ್ಟಡಗಳು ಹಾನಿಗೊಂಡು ಅನೇಕ ಕುಟುಂಬಗಳು ಮನೆ ಬಿಟ್ಟವು. ಇಟಲಿಯ ವಿಜ್ಞಾನಿಗಳು ನೆಲದ ಏರಿಕೆಯನ್ನು ದಿನದಿನವೂ ಅಳೆಯುತ್ತಿದ್ದಾರೆ. ಆದರೆ ಈ ಏರಿಕೆ 1538ರಂತೆ ಕೊನೆಗೊಳ್ಳುವುದೋ 1984ರಂತೆ ಕೊನೆಗೊಳ್ಳುವುದೋ ಎಂಬುದನ್ನು ಅಳತೆಯೊಂದೇ ಹೇಳಲಾರದು. ಅಲ್ಲಿನ ಜನ ಬದುಕುತ್ತಿರುವುದು ಈ ಅನಿಶ್ಚಯದ ಮೇಲೆ.

ಮುನ್ಸೂಚನೆಯ ಬಲ ಮತ್ತು ಮಿತಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ 1980ರ ಮಾರ್ಚ್‌ನಲ್ಲಿ ಎಚ್ಚೆತ್ತಿತು. ಅದರ ಉತ್ತರದ ಮೈ ದಿನಕ್ಕೆ ಒಂದೂವರೆಯಿಂದ ಎರಡು ಮೀಟರ್‌ನಷ್ಟು ಹೊರಕ್ಕೆ ಉಬ್ಬುತ್ತ, ಮೇ ತಿಂಗಳ ನಡುವಿಗೆ 100 ಮೀಟರ್‌ಗೂ ಹೆಚ್ಚು ಮುಂಚಾಚಿತ್ತು. ಪರ್ವತದ ಸುತ್ತ ನಿರ್ಬಂಧ ವಿಧಿಸಲು ಈ ಅಳತೆಯೂ ಒಂದು ಆಧಾರವಾಗಿತ್ತು. ಮೇ 18ರ ಬೆಳಿಗ್ಗೆ 8.32ಕ್ಕೆ ಸಂಭವಿಸಿದ ಭೂಕಂಪಕ್ಕೆ ಉಬ್ಬಿದ ಮೈ ಜಾರಿ ಬಿತ್ತು. ದಾಖಲಾದ ಇತಿಹಾಸದಲ್ಲೇ ಅತಿ ದೊಡ್ಡ ಭೂಕುಸಿತವದು. ಮುಚ್ಚಳ ತೆಗೆದಂತೆ ಒಳಗಿನ ಒತ್ತಡ ಪಕ್ಕಕ್ಕೆ ಸಿಡಿಯಿತು. ಶಿಖರ ಸುಮಾರು 400 ಮೀಟರ್ ಕುಗ್ಗಿತು. ವೀಕ್ಷಣಾ ಕೇಂದ್ರದಲ್ಲಿ ಕರ್ತವ್ಯದಲ್ಲಿದ್ದ ಜ್ವಾಲಾಮುಖಿ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಸೇರಿದಂತೆ 57 ಮಂದಿ ಮಡಿದರು. ಉಬ್ಬುವ ವೇಗದಲ್ಲಾಗಲಿ ಇತರ ಅಳತೆಗಳಲ್ಲಾಗಲಿ ಹಿಂದಿನ ದಿನ ಯಾವ ವಿಶೇಷ ಬದಲಾವಣೆಯೂ ಕಂಡಿರಲಿಲ್ಲ. ನಿರ್ಬಂಧವಿಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು; ಗಳಿಗೆ ತಿಳಿದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಐಸ್‌ಲ್ಯಾಂಡಿನ ಗ್ರಿಂಡವಿಕ್ ಪಟ್ಟಣದಲ್ಲಿ ಅಳತೆಗಳು ಸಕಾಲಕ್ಕೆ ಒದಗಿದವು. 2023ರ ನವೆಂಬರ್ 10ರಂದು ಸುಮಾರು 15 ಕಿ.ಮೀ. ಉದ್ದದ ಸೀಳಿನಲ್ಲಿ ಶಿಲಾರಸವು ಪಟ್ಟಣದ ಅಡಿಗೆ ಹರಿಯುತ್ತಿರುವುದು ಕಂಪನಗಳಿಂದಲೂ ನೆಲದ ಸರಿತದಿಂದಲೂ ತಿಳಿಯಿತು. ಪಟ್ಟಣದ ಒಂದು ಪಟ್ಟಿ ಒಂದು ಮೀಟರ್‌ಗೂ ಹೆಚ್ಚು ಕುಸಿದು ರಸ್ತೆಗಳು ಸೀಳಿದವು. ಅಂದು ರಾತ್ರಿಯೇ ಸುಮಾರು 3,800 ನಿವಾಸಿಗಳನ್ನು ಹೊರಕ್ಕೆ ಕಳುಹಿಸಲಾಯಿತು. ಮೊದಲ ಸ್ಫೋಟವಾದುದು ಡಿಸೆಂಬರ್ 18ರಂದು. 2024ರ ಜನವರಿ 14ರಂದು ಲಾವಾ ಪಟ್ಟಣದ ಅಂಚನ್ನು ಹೊಕ್ಕು ಮನೆಗಳನ್ನು ಸುಟ್ಟಾಗ ಆ ಮನೆಗಳಲ್ಲಿ ಯಾರೂ ಇರಲಿಲ್ಲ.

ಅಳೆಯುವ ಬಗೆ

ಹಿಂದೆ ನೆಲದ ಏರಿಳಿತವನ್ನು ತಿಳಿಯಲು ಸರ್ವೇಕ್ಷಕರು ಕಲ್ಲು ನೆಟ್ಟು, ವರ್ಷಗಳ ನಂತರ ಮರಳಿ ಬಂದು ಅಳೆಯಬೇಕಿತ್ತು. 1897ರ ಅಸ್ಸಾಂ ಭೂಕಂಪದ ನಂತರ ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಆದ ಸರಿತ ತಿಳಿದುದು ಹೀಗೆ. ಜ್ವಾಲಾಮುಖಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಟಿಲ್ಟ್‌ಮೀಟರ್ ಎಂಬ ಉಪಕರಣ ನೆಲದ ಅತಿ ಸೂಕ್ಷ್ಮ ಓಲನ್ನೂ ದಾಖಲಿಸುತ್ತದೆ. ಜಿಪಿಎಸ್ ಬಂದ ಮೇಲೆ ಒಂದು ಬಿಂದುವಿನ ಸರಿತವನ್ನು ಮಿಲಿಮೀಟರ್‌ಗಳಲ್ಲಿ, ನಿರಂತರವಾಗಿ ಅಳೆಯುವುದು ಸಾಧ್ಯವಾಯಿತು. ಜಪಾನ್ ತನ್ನ ನೆಲದುದ್ದಕ್ಕೂ ಇಂತಹ ಸಾವಿರಕ್ಕೂ ಹೆಚ್ಚು ಕೇಂದ್ರಗಳನ್ನು ಸ್ಥಾಪಿಸಿದೆ.

ದೊಡ್ಡ ಹೆಜ್ಜೆ ಇಟ್ಟದ್ದು ಉಪಗ್ರಹ ರೇಡಾರ್. ಒಂದೇ ಪ್ರದೇಶವನ್ನು ಎರಡು ಬೇರೆ ಬೇರೆ ದಿನಗಳಲ್ಲಿ ರೇಡಾರ್‌ನಿಂದ ಚಿತ್ರಿಸಿ, ಮರಳಿ ಬಂದ ಅಲೆಗಳನ್ನು ಹೋಲಿಸಿದರೆ ನೆಲ ಉಪಗ್ರಹದ ಕಡೆಗೆ ಬಂದಿದೆಯೋ ದೂರ ಹೋಗಿದೆಯೋ ಎಂಬುದು ಬಣ್ಣದ ಉಂಗುರಗಳಾಗಿ ಮೂಡುತ್ತದೆ. 1992ರ ಜೂನ್ 28ರ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಇಂತಹ ಚಿತ್ರವನ್ನು ಫ್ರಾನ್ಸಿನ ದಿದಿಯೇ ಮಾಸೊನೆ ಮತ್ತು ಸಂಗಡಿಗರು ಯುರೋಪಿನ ಇಆರ್‌ಎಸ್-1 ಉಪಗ್ರಹದ ನೆರವಿನಿಂದ ರಚಿಸಿ 1993ರಲ್ಲಿ ಪ್ರಕಟಿಸಿದರು. ಅದರಲ್ಲಿ ಪ್ರತಿ ಉಂಗುರವೂ 2.8 ಸೆಂ.ಮೀ. ಸರಿತವನ್ನು ಸೂಚಿಸುತ್ತದೆ. ನೆಲದ ಮೇಲೆ ಒಂದೇ ಒಂದು ಉಪಕರಣವಿಲ್ಲದ ಕಾಡಿನ, ಮರುಭೂಮಿಯ ಜ್ವಾಲಾಮುಖಿಗಳನ್ನೂ ಈ ವಿಧಾನದಿಂದ ಗಮನಿಸಬಹುದು.

ಈ ಕೆಲಸದಲ್ಲಿ ಭಾರತದ ಪಾಲೂ ಇದೆ. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಿರ್ಮಿಸಿದ ನಿಸಾರ್ ಉಪಗ್ರಹವನ್ನು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ ಮೂಲಕ ಹಾರಿಸಲಾಯಿತು. ಎರಡು ಬೇರೆ ತರಂಗಾಂತರಗಳ ರೇಡಾರ್‌ಗಳನ್ನು ಹೊತ್ತ ಇದನ್ನು ಅಂತಿಮವಾಗಿ ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ. ಭೂಮಿಯ ಬಹುತೇಕ ನೆಲಭಾಗವನ್ನು 12 ದಿನಗಳಿಗೊಮ್ಮೆ ಮತ್ತೆ ಚಿತ್ರಿಸುವಂತೆ ಅದನ್ನು ರೂಪಿಸಲಾಗಿದೆ. ಅದರ 24 ಸೆಂ.ಮೀ. ತರಂಗಾಂತರದ ಅಲೆಗಳು ಮರಗಿಡಗಳ ಹೊದಿಕೆಯನ್ನು ಹೆಚ್ಚು ಸುಲಭವಾಗಿ ದಾಟಿ ನೆಲವನ್ನು ಮುಟ್ಟುತ್ತವೆ.

ನಮ್ಮ ನೆಲದ ಲೆಕ್ಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರವು 1990ರ ದಶಕದಿಂದ ದಕ್ಷಿಣ ಭಾರತದ ಚಲನೆಯನ್ನು ದಾಖಲಿಸುತ್ತ ಬಂದಿದೆ. ನಾವು ನಿಂತಿರುವ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯಕ್ಕೆ ಸಾಗುತ್ತಿದೆ. ಇದರಲ್ಲಿ ಸುಮಾರು 2 ಸೆಂ.ಮೀ.ಗಳನ್ನು ಹಿಮಾಲಯ ತನ್ನ ಮೈಯಲ್ಲಿ ಬಾಗುವಿಕೆಯಾಗಿ ಕೂಡಿಟ್ಟುಕೊಳ್ಳುತ್ತಿದೆ. ಶತಮಾನಕ್ಕೆ ಅದು 2 ಮೀಟರ್. ಈ ಸಾಲವನ್ನು ಎಂದೋ ಒಂದು ದಿನ ಭೂಕಂಪದ ರೂಪದಲ್ಲಿ ತೀರಿಸಲೇಬೇಕು.

ದಖ್ಖನ್ ಪ್ರಸ್ಥಭೂಮಿಯಲ್ಲಿ ಈ ಶೇಖರಣೆ ಅತ್ಯಂತ ನಿಧಾನ. ಆದರೆ ನಿಧಾನವೆಂದರೆ ಶೂನ್ಯವಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪ ಉತ್ತರ ಕರ್ನಾಟಕದಲ್ಲೂ ಅನುಭವಕ್ಕೆ ಬಂದಿತು. ಅಲ್ಲಿ ನೆಲದ ಮೇಲೆ ಕಂಡ ಸೀಳು ಒಂದು ಮೀಟರ್‌ನಷ್ಟೂ ಎತ್ತರವಿರಲಿಲ್ಲ. ಸತ್ತವರು ಸುಮಾರು 10,000. ಕೊಂದದ್ದು ನೆಲದ ಸರಿತವಲ್ಲ, ಮಲಗಿದ್ದವರ ಮೇಲೆ ಬಿದ್ದ ಕಲ್ಲುಮಣ್ಣಿನ ಮನೆಗಳು.

ಭೂವಿರೂಪದ ಅಧ್ಯಯನದಿಂದ ಆಗುವ ಮುಖ್ಯ ಪ್ರಯೋಜನವೂ ಇಲ್ಲಿಯೇ ಇದೆ. ದಿನಾಂಕವನ್ನು ಅದು ಕೊಡಲಾರದು. ಯಾವ ಪಟ್ಟಣದಲ್ಲಿ ಕಟ್ಟಡಗಳನ್ನು ಬಲಪಡಿಸಬೇಕು, ಯಾವ ಇಳಿಜಾರನ್ನು ಖಾಲಿ ಬಿಡಬೇಕು, ಯಾವ ಕರಾವಳಿಯಲ್ಲಿ ಬಂದರು ಕಟ್ಟುವಾಗ ನೆಲದ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಸಾಕಷ್ಟು ಮುಂಚೆಯೇ ಹೇಳಬಲ್ಲದು. ಆ ಮಾತನ್ನು ಕೇಳಿ ನಡೆಯಲು ದಿನಾಂಕ ತಿಳಿದಿರಬೇಕಾಗಿಲ್ಲ.

ಇನ್ನು ಕೆಲವು ನಿದರ್ಶನಗಳು

1835, ಚಿಲಿ: ಫೆಬ್ರುವರಿ 20ರ ಕನ್ಸೆಪ್ಸಿಯೋನ್ ಭೂಕಂಪದ ನಂತರ ಸಾಂತಾ ಮರಿಯಾ ದ್ವೀಪ ಸುಮಾರು 3 ಮೀಟರ್‌ವರೆಗೆ ಮೇಲೆದ್ದಿರುವುದನ್ನು ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಸ್‌ರಾಯ್ ಅಳೆದರು. ಆ ಹಡಗಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್ ಇದನ್ನು ದಾಖಲಿಸಿದರು.

1899, ಅಲಾಸ್ಕಾ: ಯಾಕುಟಾಟ್ ಕೊಲ್ಲಿಯ ದಂಡೆ ಒಂದೆಡೆ 14 ಮೀಟರ್‌ಗೂ ಹೆಚ್ಚು ಮೇಲೆದ್ದಿತು.

1914, ಜಪಾನ್: ಸಕುರಾಜಿಮಾ ಸ್ಫೋಟದ ನಂತರ ಸುತ್ತಲಿನ ವಿಶಾಲ ಪ್ರದೇಶ ತಗ್ಗಿತು. ಮೋಗಿ ತಮ್ಮ ಲೆಕ್ಕಕ್ಕೆ ಬಳಸಿಕೊಂಡದ್ದು ಈ ಅಳತೆಗಳನ್ನೇ.

1964, ಅಲಾಸ್ಕಾ: ಮಾರ್ಚ್ 27ರ ಭೂಕಂಪದಲ್ಲಿ ಮಾಂಟೆಗ್ಯೂ ದ್ವೀಪ 11 ಮೀಟರ್‌ವರೆಗೆ ಏರಿತು. ಬಂಡೆಗಳಿಗೆ ಅಂಟಿ ಬದುಕುವ ಸಮುದ್ರಜೀವಿಗಳು ಎಷ್ಟು ಎತ್ತರದಲ್ಲಿ ಸತ್ತಿವೆ ಎಂಬುದನ್ನು ನೋಡಿ ಭೂವಿಜ್ಞಾನಿ ಜಾರ್ಜ್ ಪ್ಲಾಫ್ಕರ್ ಕರಾವಳಿಯ ಏರಿಳಿತದ ನಕ್ಷೆ ರಚಿಸಿದರು.

2016, ನ್ಯೂಜಿಲೆಂಡ್: ನವೆಂಬರ್ 14ರ ಕೈಕೌರಾ ಭೂಕಂಪದಲ್ಲಿ ಹಲವು ಸ್ತರಭಂಗಗಳು ಒಟ್ಟಿಗೆ ಸರಿದು, ಕರಾವಳಿಯ ಸಮುದ್ರತಳ ಮೀಟರ್‌ಗಟ್ಟಲೆ ಮೇಲೆದ್ದು ಬಯಲಾಯಿತು.